ಕೃತ್ತಿಕೆ ಮಳೆ, ಕೃತ್ತಿಕೆ ಚುಕ್ಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮೂಡಿಗೆರೆ ಕಡೆಯವನು. ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಮಾಡಿ ರಿಟೈರ್ ಆದವನು. ಈ ಮಾತು ರೆಕಾರ್ಡ್ ಮಾಡೋದಕ್ಕೆ ಅಂತ ಹಾಸನದಲ್ಲಿ ಬಸ್ ಇಳಿದು ಆಟೋ ಹತ್ತಿದೆ. "ಏನು ವಿಷಯ ಸಾರ್?" ಅಂದರು ಆಟೋದವರು. ಬಾಹ್ಯಾಕಾಶದ ದೂರದರ್ಶಕ ಅಂದೆ. "ಅದಕ್ಕೆ ನಮ್ಮ ಎಂಸಿಎಫ್‌ನವರನ್ನೇ ಕರೀಬೇಕಿತ್ತು. ಅಷ್ಟು ದೊಡ್ಡ ಡಿಶ್ ಇಟ್ಟಿದ್ದಾರೆ, ಅದರಲ್ಲಿ ನಕ್ಷತ್ರ ಎಲ್ಲಾ ಕಾಣ್ಸುತ್ತೆ ಅಲ್ವಾ?"

ಇಲ್ಲ, ಕಾಣಿಸುವುದಿಲ್ಲ. ಹಾಸನದವರಲ್ಲೇ ಬಹಳ ಜನ ಹೀಗೆ ಅಂದುಕೊಂಡಿದ್ದಾರೆ, ಅದಕ್ಕೆ ಹೇಳಿಬಿಡುತ್ತೇನೆ. ಎಂಸಿಎಫ್ ಅಂದರೆ ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಅದು ಶುರುವಾಗಿದ್ದು 1982ರಲ್ಲಿ. ಅಲ್ಲಿನ ಕೆಲಸ ಇನ್ಸಾಟ್, ಜಿಸ್ಯಾಟ್ ಮುಂತಾದ ಉಪಗ್ರಹಗಳನ್ನು ನೋಡಿಕೊಳ್ಳುವುದು. ಅವು 36,000 ಕಿಲೋಮೀಟರ್ ಮೇಲೆ, ಗೂಟಕ್ಕೆ ಕಟ್ಟಿದ ದನದ ಹಾಗೆ, ತಮ್ಮ ಜಾಗದಲ್ಲೇ ಇರಬೇಕು. ಸ್ವಲ್ಪ ಆಚೀಚೆ ಸರಿದರೂ ಇಲ್ಲಿಂದಲೇ ಆಜ್ಞೆ ಕೊಟ್ಟು ಹಿಂದಕ್ಕೆ ತರುತ್ತಾರೆ. ಹಗಲು ರಾತ್ರಿ ಅದೇ ಕಾವಲು. ನಕ್ಷತ್ರ ನೋಡುವ ಯಂತ್ರಗಳು ಬೇರೆ.

ಅಂಥ ಯಂತ್ರಗಳಲ್ಲಿ ವೆಬ್ ದೂರದರ್ಶಕದ ಹೆಸರು ನೀವೆಲ್ಲ ಕೇಳಿರುತ್ತೀರಿ. ನಮ್ಮದೇ ಆಸ್ಟ್ರೋಸ್ಯಾಟ್ ಇದೆ, 2015ರ ಸೆಪ್ಟೆಂಬರ್ 28ರಂದು ಹಾರಿಸಿದ್ದು. ಅದರ ನೇರಳಾತೀತ ದೂರದರ್ಶಕ ಬೆಂಗಳೂರಿನ ಖಭೌತ ಸಂಸ್ಥೆಯವರ ಮುಂದಾಳತ್ವದಲ್ಲಿ ತಯಾರಾಯಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ಬೆಳಕನ್ನು ಅದು ಹಿಡಿದಿದೆ. ಆ ಬೆಳಕು ಅಲ್ಲಿಂದ ಹೊರಟಾಗ ಭೂಮಿ ಇನ್ನೂ ಹುಟ್ಟಿರಲೇ ಇಲ್ಲ. ಇದನ್ನೆಲ್ಲ ಹೇಳುತ್ತಾ ಕೂತರೆ ಹೊತ್ತು ಸಾಲದು. ನನ್ನ ಮನಸ್ಸು ಇರುವುದು ಒಂದು ಹಳೇ ನೌಕೆಯ ಮೇಲೆ. ಅದರ ಹೆಸರು ಸೋಹೋ.

ಅದಕ್ಕೆ ಮೊದಲು ನಮ್ಮ ಮಳೆಯ ವಿಷಯ. ಮಲೆನಾಡಿನಲ್ಲಿ ಆಕಾಶ ನೋಡುವ ಹುಚ್ಚು ಹಿಡಿಸಿಕೊಂಡವನ ಪಾಡು ಯಾರಿಗೂ ಬೇಡ. ನಾನು ದುಡ್ಡು ಕೂಡಿಸಿ ಒಂದು ಸಣ್ಣ ದೂರದರ್ಶಕ ತಗೊಂಡಿದ್ದೆ. ಜೂನ್‌ನಲ್ಲಿ ಕಟ್ಟಿಟ್ಟಿದ್ದನ್ನು ಅಕ್ಟೋಬರಿನಲ್ಲಿ ಬಿಚ್ಚಿದರೆ ಲೆನ್ಸಿನ ತುಂಬ ಬೂಷ್ಟು! ಜೇಡರ ಬಲೆಯ ಹಾಗೆ ಹಬ್ಬಿಕೊಂಡಿತ್ತು. ಅಲ್ಲಿಂದ ಈಚೆಗೆ ಅದರ ಲೆನ್ಸುಗಳು ಮಳೆಗಾಲ ಪೂರ್ತಿ ಅಕ್ಕಿ ಡಬ್ಬದಲ್ಲಿ ಇರುತ್ತವೆ. ಮನೆಯವರು ಅಕ್ಕಿ ಅಳೆಯುವಾಗ ಪ್ರತಿ ಸಲವೂ ಒಂದು ಮಾತು ಅಂದೇ ಅನ್ನುತ್ತಾರೆ.

ಆದರೆ ನಮ್ಮ ಮಳೆಗಳಿಗೆಲ್ಲ ನಕ್ಷತ್ರದ ಹೆಸರೇ ಇದೆಯಲ್ಲ, ಯಾಕೆ ಅಂತ ಯೋಚಿಸಿದ್ದೀರಾ? ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಕೃತ್ತಿಕೆ ಮಳೆ ಅಂದರೆ ಸೂರ್ಯ ಕೃತ್ತಿಕಾ ನಕ್ಷತ್ರದಲ್ಲಿರುವ ದಿನಗಳು, ಸುಮಾರು ಮೇ 11ರಿಂದ 25ರವರೆಗೆ. ಹಾಗೆಂದರೆ ಆ ಚುಕ್ಕಿಗಳು ಸೂರ್ಯನ ಪಕ್ಕದಲ್ಲೇ ಇರುತ್ತವೆ. ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತವೆ. ಮಜಾ ನೋಡಿ, ಕೃತ್ತಿಕೆ ಮಳೆ ಬರುವ ದಿನಗಳಲ್ಲಿ ಮೋಡವೇ ಇಲ್ಲದಿದ್ದರೂ ಕೃತ್ತಿಕೆ ಚುಕ್ಕಿ ಕಾಣುವುದಿಲ್ಲ. ನಮ್ಮ ಹಿರಿಯರು ಲೆಕ್ಕ ಹಾಕಿ ಅಲ್ಲಿದೆ ಅಂದರು, ಅಷ್ಟೇ. ಕಣ್ಣಾರೆ ಕಂಡವರು ಯಾರೂ ಇಲ್ಲ.

ಸೋಹೋದಲ್ಲಿ ಅದು ಕಾಣುತ್ತದೆ.

ಯುರೋಪಿನವರೂ ಅಮೆರಿಕದವರೂ ಸೇರಿ 1995ರ ಡಿಸೆಂಬರ್ 2ರಂದು ಹಾರಿಸಿದ ನೌಕೆ ಇದು. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನೇ ನೋಡುತ್ತಿದೆ. ಕಣದಲ್ಲಿ ಕಾಫಿ ಹರಡಿ, ಮೋಡ ಬರುತ್ತಿದೆಯಾ ಅಂತ ಸೂರ್ಯನಿಗೆ ಅಂಗೈ ಅಡ್ಡ ಹಿಡಿದು ನೋಡುತ್ತೇವಲ್ಲ, ಹಾಗೇ ಅದರ ಕ್ಯಾಮರಾದಲ್ಲಿ ಒಂದು ತಟ್ಟೆ ಇದೆ. ಅದು ಸೂರ್ಯನನ್ನು ಮುಚ್ಚುತ್ತದೆ. ಸುತ್ತಲಿನ ಮಂದ ಬೆಳಕು, ಅಂದರೆ ಪ್ರಭಾವಲಯ, ಕಾಣುತ್ತದೆ. ನಾವು ಅಂಗೈ ಹಿಡಿದರೆ ನಕ್ಷತ್ರ ಕಾಣದು, ಯಾಕೆಂದರೆ ಇಲ್ಲಿ ಗಾಳಿಯೇ ಬೆಳಕನ್ನು ಚೆದುರಿಸಿ ನೀಲಿಯಾಗಿ ಹೊಳೆಯುತ್ತದೆ. ಅಲ್ಲಿ ಗಾಳಿ ಇಲ್ಲ. ಸೂರ್ಯನ ಪಕ್ಕದಲ್ಲೂ ಕಪ್ಪು ಆಕಾಶ. ಮೇ ತಿಂಗಳಲ್ಲಿ ಕೃತ್ತಿಕೆಯ ಆ ಪುಟ್ಟ ಗೊಂಚಲು ಚಿತ್ರದ ಎಡಗಡೆಯಿಂದ ಬಲಗಡೆಗೆ ಮೆಲ್ಲಗೆ ಸರಿದು ಹೋಗುತ್ತದೆ. ಮೊದಲ ಸಲ ನೋಡಿದ ದಿನ ನನ್ನ ಮನೆಯ ಹೆಂಚಿನ ಮೇಲೆ ಅದೇ ಹೆಸರಿನ ಮಳೆ ಸುರಿಯುತ್ತಿತ್ತು.

ಈ ನೌಕೆ ಸತ್ತೇ ಹೋಗಿತ್ತು ಒಂದು ಸಲ. 1998ರ ಜೂನ್ 25ರಂದು, ಆಜ್ಞೆಗಳಲ್ಲಿ ಆದ ತಪ್ಪಿನಿಂದ, ಸೂರ್ಯನ ಕಡೆಗಿದ್ದ ಮುಖ ತಿರುಗಿತು. ಸೌರಫಲಕಕ್ಕೆ ಬಿಸಿಲಿಲ್ಲ. ಕರೆಂಟೂ ಇಲ್ಲ, ಮಾತೂ ಇಲ್ಲ. ಸುಮಾರು ಒಂದು ತಿಂಗಳು ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಕೊನೆಗೆ ಪೋರ್ಟೊರಿಕೋದ ಅರೆಸಿಬೋದಲ್ಲಿದ್ದ 305 ಮೀಟರ್ ಅಗಲದ ಡಿಶ್‌ನಿಂದ ರೇಡಾರ್ ಬಿಟ್ಟು ನೋಡಿದರು. ಇತ್ತು, ಇದ್ದಲ್ಲೇ ಸುಮ್ನೆ ಮೆಲ್ಲಗೆ ತಿರುಗುತ್ತಿತ್ತು. ಆಗಸ್ಟ್ 3ರಂದು ಕ್ಷೀಣವಾಗಿ ಓಗೊಟ್ಟಿತು. ಟ್ಯಾಂಕಿನ ಇಂಧನ ಹೆಪ್ಪುಗಟ್ಟಿತ್ತು. ಇದ್ದ ಚೂರುಪಾರು ಕರೆಂಟಿನಲ್ಲೇ ಅದನ್ನು ಕರಗಿಸಿ, ಸೆಪ್ಟೆಂಬರಿನಲ್ಲಿ ಮತ್ತೆ ಸೂರ್ಯನ ಕಡೆಗೆ ಮುಖ ತಿರುಗಿಸಿದರು. ಎರಡು ವರ್ಷ ಬಾಳಿದರೆ ಸಾಕು ಅಂತ ಕಳಿಸಿದ್ದು ಅದನ್ನು. ಆಮೇಲೆ ಕಾಲು ಶತಮಾನ ದುಡಿಯಿತು.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಸೋಹೋ ಧೂಮಕೇತು ಹುಡುಕಲು ಹೋದದ್ದಲ್ಲ. ಆದರೂ ಅದರ ಚಿತ್ರಗಳಲ್ಲಿ 2024ರ ಮಾರ್ಚ್ ಹೊತ್ತಿಗೆ ಸಿಕ್ಕಿದ ಧೂಮಕೇತುಗಳು 5,000. ಹೆಚ್ಚಿನವನ್ನು ಹುಡುಕಿದವರು ದೊಡ್ಡ ವಿಜ್ಞಾನಿಗಳಲ್ಲ, ಮನೆಯಲ್ಲಿ ಕೂತು ಕಂಪ್ಯೂಟರ್ ನೋಡುವ ಸಾಮಾನ್ಯ ಜನ. ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಹನ್ನೆರಡು ನಿಮಿಷಕ್ಕೆ ಒಂದು ಚಿತ್ರ. ಹೀಗೆ ಸಿಗುವ ಧೂಮಕೇತುಗಳಲ್ಲಿ ಬಹುಪಾಲು ಒಂದೇ ಮನೆತನದವು. ಬಹಳ ಹಿಂದೆ ಒಂದು ದೊಡ್ಡ ಧೂಮಕೇತು ಚೂರಾಯಿತು. ಆ ಚೂರುಗಳು ಇವತ್ತಿಗೂ ಒಂದರ ಹಿಂದೆ ಒಂದು ಸೂರ್ಯನತ್ತ ಬಂದು ಬೀಳುತ್ತಿವೆ. ಇವಕ್ಕೆ ಕ್ರಾಯ್ಟ್ಸ್ ಗುಂಪು ಅಂತ ಹೆಸರು, ಅವನ್ನು ಅಭ್ಯಾಸ ಮಾಡಿದ ಜರ್ಮನಿಯ ಖಗೋಳಜ್ಞರ ನೆನಪಿಗೆ.

ನಮ್ಮ ಪಕ್ಕದ ತೋಟದ ಹುಡುಗ ಒಬ್ಬ ಹತ್ತನೇ ಕ್ಲಾಸು. ಕಳೆದ ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟ ದಿನ ನಮ್ಮನೆಗೆ ಬಂದು ನನ್ನ ಜೊತೆ ಕೂತ. ನನಗೆ ಒಂದು ಚುಕ್ಕಿ ಕಾಣಿಸಿತು. ಒಂದೊಂದು ಚಿತ್ರಕ್ಕೂ ಒಂದಿಷ್ಟು ಮುಂದೆ ಹೋಗುತ್ತಿತ್ತು. ಸಿಕ್ಕಿತು ಕಣೋ ಅಂತ ಕೂಗಿಯೇಬಿಟ್ಟೆ. ಅವನು ಸ್ವಲ್ಪ ಹೊತ್ತು ನೋಡಿ, "ಸಾರ್, ಎಲ್ಲಾ ಚುಕ್ಕಿನೂ ಹಂಗೇ ಹೋಗ್ತಾ ಇದಾವಲ್ಲ" ಅಂದ. ನಿಜ. ಅದು ನಕ್ಷತ್ರ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದು ಹೊಳೆಯಬಾರದಾ!

ಇಲ್ಲಿ ಒಂದು ಗುಟ್ಟಿದೆ. ಒಂದೇ ಚಿತ್ರದಲ್ಲಿ ಬಂದು ಮಾಯವಾಗುವ ಬಿಳಿ ಚುಕ್ಕಿ ಕ್ಯಾಮರಾಕ್ಕೆ ಬಡಿದ ವಿಶ್ವಕಿರಣ, ಅಂದರೆ ಬಾಹ್ಯಾಕಾಶದಿಂದ ಜೋರಾಗಿ ಬಂದ ಕಣ. ಎಲ್ಲದರ ಜೊತೆ ಎಡದಿಂದ ಬಲಕ್ಕೆ ಹೋಗುವುದು ನಕ್ಷತ್ರ. ಎರಡೂ ಕಡೆ ಗೆರೆ ಎಳೆದ ಹಾಗೆ ಹೊಳೆಯುವುದು ಗ್ರಹ. ಜಾಸ್ತಿ ಬೆಳಕು ಬಿದ್ದು ಕ್ಯಾಮರಾ ತುಂಬಿ ಹರಿದಾಗ ಹಾಗಾಗುತ್ತದೆ. ಇವು ಯಾವುದೂ ಅಲ್ಲದೆ, ಗುಂಪು ಬಿಟ್ಟು ಬೇರೆ ದಾರಿ ಹಿಡಿದು ತಟ್ಟೆಯ ಕಡೆಗೇ ಬರುವುದು ನಾವು ಹುಡುಕುವ ಗಿರಾಕಿ.

ಈಗ ಇಂಥದೇ ತಟ್ಟೆ ಇಟ್ಟ ಕ್ಯಾಮರಾ ನಮ್ಮ ಆದಿತ್ಯ ಎಲ್-1ರಲ್ಲೂ ಇದೆ. 2024ರ ಜನವರಿ 6ರಂದು ಅದು ಸೋಹೋ ಇರುವ ಸೀಮೆಗೇ ಹೋಗಿ ನೆಲೆ ನಿಂತಿತು. ಅದರ ಮಾಹಿತಿಯನ್ನೂ ಇಸ್ರೋದವರು ಜನರಿಗೆ ತೆರೆದಿಟ್ಟಿದ್ದಾರೆ. ಹುಡುಗನಿಗೆ ಅದನ್ನೂ ತೋರಿಸಬೇಕು ಅಂತಿದ್ದೇನೆ.

ಅವನಿಗೆ ಕೊನೆಗೂ ಒಂದು ಸಿಕ್ಕಿತು. ಪುಷ್ಯ ಮಳೆಯ ಒಂದು ಸಂಜೆ. ಮಸುಕು ಚುಕ್ಕಿ, ಹಿಂದೆ ಕೂದಲೆಳೆಯಷ್ಟು ಬಾಲ. ಪಟ್ಟಿ ತೆಗೆದು ನೋಡಿದರೆ ಬೇರೆ ದೇಶದ ಯಾರೋ ಆಗಲೇ ಬರೆಸಿಬಿಟ್ಟಿದ್ದರು. ಅವನಿಗೆ ಬೇಜಾರಾಗಲಿಲ್ಲ. ಮುಂದೇನಾಗುತ್ತೆ ನೋಡೋಣ ಅಂತ ಕೂತ. ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಹನ್ನೊಂದು ಗಂಟೆಗೆ ಬಂತು. ಅಲ್ಲಿವರೆಗೂ ಮನೆಗೆ ಹೋಗಿರಲಿಲ್ಲ ಪುಣ್ಯಾತ್ಮ, ಊಟ ನಮ್ಮಲ್ಲೇ. ಬಿಟ್ಟುಹೋಗಿದ್ದ ಚಿತ್ರಗಳನ್ನು ಒಂದೊಂದಾಗಿ ತೆಗೆದೆವು. ಚುಕ್ಕಿ ತಟ್ಟೆಗೆ ಹತ್ತಿರ ಹತ್ತಿರ ಬಂತು. ಒಂದು ಚಿತ್ರದಲ್ಲಿ ಉದ್ದ ಎಳೆದ ಹಾಗೆ ಕಂಡಿತು. ಅದರ ಮುಂದಿನದರಲ್ಲಿ ಬಹಳ ಮಂಕು. ಅದರ ಮುಂದಿನದರಲ್ಲಿ ಇಲ್ಲ.

"ತಟ್ಟೆ ಹಿಂದೆ ಹೋಯ್ತಾ ಸಾರ್?"

"ಇಲ್ಲ ಕಣೋ. ತಟ್ಟೆ ಮುಟ್ಟೋದಕ್ಕೆ ಮುಂಚೆಯೇ ಆವಿಯಾಯ್ತು."

ಅವನು ಮತ್ತೆ ಹಿಂದಿನ ಚಿತ್ರ ತೆಗೆದ. ಮಂಕಾಗಿ, ಅಲ್ಲೇ ಇತ್ತು.

ನಮಸ್ಕಾರ.