ಕೊಳದ ಹನಿಯೊಳಗಿನ ಓಡಾಟ

ಕೇಳುಗರೇ, ನಮಸ್ಕಾರ. ಕೊಳದ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಮೊದಲು ಕಾಣುವುದು ಬರೀ ಓಟ. ಏನೋ ಒಂದು ಸರ್ರನೆ ಬರುತ್ತದೆ, ಆಕಾರ ಗುರುತಿಸುವಷ್ಟರಲ್ಲಿ ಮಾಯ. ಇಷ್ಟೊಂದು ವೇಗವಾ ಅನಿಸುತ್ತದೆ, ಅಲ್ವಾ? ಆದರೆ ನೂರು ಪಟ್ಟು ಹಿಗ್ಗಿಸುವ ಮಸೂರ ವೇಗವನ್ನೂ ನೂರು ಪಟ್ಟು ಹಿಗ್ಗಿಸಿಯೇ ತೋರಿಸುತ್ತದೆ. ಹನಿಯಲ್ಲಿ ಹೀಗೆ ಓಡುವ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿ ನಿಜವಾಗಿ ಈಜುವುದು ಸೆಕೆಂಡಿಗೆ ಸುಮಾರು 1 ಮಿಲಿಮೀಟರ್. ಹಾಗಂತ ಕಡಿಮೆಯೇನಲ್ಲ. ಅದರ ಮೈಯುದ್ದವೇ ಮಿಲಿಮೀಟರಿನ ಕಾಲು ಭಾಗದಷ್ಟು!

ಈ ಓಟಗಾರನನ್ನು ತಡೆಯಲು ಹನಿಗೆ ಹತ್ತಿಯ ಒಂದೆರಡು ಎಳೆ ಹಾಕಿ. ಆಮೇಲೆ ಸುಮ್ನೆ ನೋಡುತ್ತಾ ಕೂರಿ. ಮೈತುಂಬ ಇರುವ ಸಾವಿರಾರು ಲೋಮಾಂಗಗಳನ್ನು, ಅಂದರೆ ಕೂದಲಿನಂಥ ಪುಟ್ಟ ಎಳೆಗಳನ್ನು, ಬಡಿಯುತ್ತಾ, ತನ್ನ ಸುತ್ತ ತಾನೇ ಉರುಳುತ್ತಾ ಅದು ಮುಂದೆ ಹೋಗುತ್ತದೆ. ಎಳೆಗೆ ತಾಗಿತೋ, ಲೋಮಾಂಗಗಳು ಉಲ್ಟಾ ಬಡಿಯುತ್ತವೆ. ಹಿಂದೆ ಸರಿದು, ಸ್ವಲ್ಪ ತಿರುಗಿ, ಮತ್ತೆ ಮುಂದೆ. ದಾರಿ ಸಿಗುವ ತನಕ ಹೀಗೇ. ಮಿದುಳಿಲ್ಲ, ನರವಿಲ್ಲ, ಇರುವುದು ಒಂದೇ ಜೀವಕೋಶ. ನನಗೆ ಇದಕ್ಕಿಂತ ದೊಡ್ಡ ಅಚ್ಚರಿ ಇನ್ನೊಂದಿಲ್ಲ.

ಇನ್ನೊಂದು ವಿಷಯ ಗಮನಿಸಿ. ನಾವು ಈಜುವಾಗ ಕೈಕಾಲು ನಿಲ್ಲಿಸಿದರೂ ಸ್ವಲ್ಪ ದೂರ ಜಾರಿ ಹೋಗುತ್ತೇವೆ. ಇವು ಬಡಿತ ನಿಲ್ಲಿಸಿದರೆ ನಿಂತಲ್ಲೇ ನಿಲ್ಲುತ್ತವೆ. ಅಷ್ಟು ಪುಟ್ಟ ಮೈಗೆ ನೀರು ಜೇನುತುಪ್ಪದ ಹಾಗೆ ಅಂಟು.

ನಡಿಗೆ ನೋಡಿಯೇ ಯಾರೆಂದು ಹೇಳಬಹುದು. ಯೂಗ್ಲೀನಾ ಮುಂದಿರುವ ಚಾಟಿಯಂಥ ಒಂದೇ ಕಶಾಂಗ ಬೀಸುತ್ತಾ ಹದವಾದ ಬೆಳಕಿನತ್ತ ಸಾಗುತ್ತದೆ. ಅಮೀಬಾ ಮೈಯನ್ನೇ ಮುಂದಕ್ಕೆ ಹರಿಸುತ್ತದೆ. ಇದಕ್ಕೆ ತಾಳ್ಮೆ ಜಾಸ್ತಿ ಬೇಕು. ವರ್ಟಿಸೆಲ್ಲಾ ಒಂದು ಕಡೆ ಕಚ್ಚಿಕೊಂಡೇ ಇರುತ್ತದೆ. ಮೇಜನ್ನು ಮೆಲ್ಲಗೆ ತಟ್ಟಿ ನೋಡಿ. ಅದರ ತೊಟ್ಟು ಸುರುಳಿಯಾಗಿ ಕುಗ್ಗುವುದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಕಣ್ಣಿಗೆ ಸಿಗುವುದು ಬರೀ ಮುಂಚೆ ಮತ್ತು ಆಮೇಲೆ.

ದುಬಾರಿ ಯಂತ್ರ ಬೇಕಾ? ಬೇಡ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1674ರಲ್ಲಿ ಕೆರೆಯ ನೀರಿನ ಜೀವಿಗಳನ್ನು ನೋಡಿದ್ದು ತಾನೇ ಮಾಡಿದ ಒಂಟಿ ಮಸೂರದಲ್ಲಿ. 2014ರಲ್ಲಿ ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು ಜನರ ಮುಂದಿಟ್ಟ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕದಲ್ಲೂ ಇರುವುದು ಒಂದೇ ಮಸೂರ.

ನೀರನ್ನು ಕೊಳದ ನಡುವಿನಿಂದ ತರಬೇಡಿ. ಅಂಚಿನ ಪಾಚಿಯನ್ನು ಹಿಂಡಿ ತೆಗೆಯಿರಿ, ಜೀವಿಗಳು ಜಾಸ್ತಿ ಸಿಗುವುದು ಅಲ್ಲೇ. ಬೆಳಕು ತೀರಾ ಜೋರಾದರೆ ಪಾರದರ್ಶಕ ಮೈ ಕಾಣುವುದೇ ಇಲ್ಲ, ಸ್ವಲ್ಪ ಕಡಿಮೆ ಮಾಡಿ. ಹನಿ ಆರುತ್ತಾ ಬಂದರೆ ಅಂಚಿಗೆ ಅದೇ ಕೊಳದ ನೀರನ್ನು ಇನ್ನೊಂದಿಷ್ಟು ಬಿಡಿ. ನಮಸ್ಕಾರ.