ಕೆಂಪು ನೀರಿಗೆ ಅರ್ಧ ಚಮಚ ಉಪ್ಪು

ಕೇಳುಗರಿಗೆ ನಮಸ್ಕಾರ. ಮಳೆಗಾಲದ ಹೊಳೆ ನೀರನ್ನು ಒಂದು ಲೋಟದಲ್ಲಿ ಹಿಡಿದಿಡಿ. ಮರಳು ಆಗಲೇ ತಳ ಸೇರುತ್ತದೆ, ಕೆಂಪು ಮಾತ್ರ ಮಾರನೇ ದಿನವೂ ಹಾಗೇ ನಿಂತಿರುತ್ತದೆ. ಮಣ್ಣು ಕರಗಿದೆ ಅಂತಾರೆ ಎಲ್ಲರೂ. ದಯವಿಟ್ಟು ಹಾಗೆ ಹೇಳಬೇಡಿ, ಅದು ಕರಗಿಲ್ಲ! ಜೇಡಿಮಣ್ಣಿನ ಸಣ್ಣ ಸಣ್ಣ ಕಣಗಳು ನೀರಲ್ಲಿ ಅಲೆದಾಡುತ್ತಿವೆ. ಇದಕ್ಕೇ ಕಲಿಲ ಅನ್ನೋದು.

ನೀರಿನ ಅಣುಗಳು ಈ ಕಣಗಳನ್ನು ಎಲ್ಲ ಕಡೆಯಿಂದ ನೂಕುತ್ತಲೇ ಇರುತ್ತವೆ. ಜಾತ್ರೆಯ ನೂಕುನುಗ್ಗಲಲ್ಲಿ ಸಿಕ್ಕಿದ ಹಾಗೆ ಅವು ಅತ್ತಿತ್ತ ಸರಿಯುತ್ತವೆ, ಪದೇಪದೇ ಒಂದಕ್ಕೊಂದು ಎದುರಾಗುತ್ತವೆ. ಹಾಗಿದ್ದರೆ ಅಂಟಿಕೊಂಡು, ದಪ್ಪಗಾಗಿ, ತಳಕ್ಕೆ ಬೀಳಬೇಕಿತ್ತು, ಅಲ್ವಾ? ಬೀಳುವುದಿಲ್ಲ. ಯಾಕಂದ್ರೆ ಎಲ್ಲ ಕಣಗಳ ಮೈಮೇಲೂ ಒಂದೇ ಥರದ ಚಾರ್ಜ್, ಮೈನಸ್. ಹತ್ತಿರ ಬಂದರೆ ದೂಡಿಕೊಳ್ಳುತ್ತವೆ. ಇದೊಂದು ನೆನಪಿಟ್ಟುಕೊಂಡರೆ ನನಗೆ ಸಾಕು.

ನನಗೆ ತುಂಬಾ ಇಷ್ಟದ ಕಥೆ ಹೇಳುತ್ತೇನೆ. 1856ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಚಿನ್ನದ ತೀರಾ ತೆಳುವಾದ ಹಾಳೆಗಳಿಗೆ ಬೆಳಕು ಬಿಟ್ಟು ನೋಡುತ್ತಿದ್ದರು. ಹಾಳೆ ಮಾಡುವಾಗ ಉಳಿದ ನೀರು ಮಾಣಿಕ್ಯದ ಹಾಗೆ ಕೆಂಪಗಿತ್ತು. ಅದರೊಳಗೆ ಬೆಳಕು ಹಾಯಿಸಿದರು. ಕಿಟಕಿಯ ಬಿಸಿಲುಕೋಲಲ್ಲಿ ದೂಳು ಕಾಣುತ್ತಲ್ಲ, ಹಾಗೆ ಬೆಳಕಿನ ದಾರಿ ಉದ್ದಕ್ಕೂ ಹೊಳೆಯಿತು! ಅಂದ್ರೆ ಚಿನ್ನ ಕರಗಿರಲಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರಾಗಿ ತೇಲುತ್ತಿತ್ತು. ಆಮೇಲೆ ಉಪ್ಪು ಹಾಕಿದರು. ಕೆಂಪು ನೀಲಿಗೆ ತಿರುಗಿತು. ಚಿನ್ನ ಚಿನ್ನವಾಗೇ ಇತ್ತು, ಕಣಗಳು ಗುಂಪುಗೂಡಿದ್ದಕ್ಕೆ ಬಣ್ಣ ಬದಲಾಯಿತು ಅಷ್ಟೇ. ಉಪ್ಪು ಸೋಕದ ಅವರ ಕೆಂಪು ಬಾಟಲಿಗಳು ಇವತ್ತಿಗೂ ಅಲ್ಲೇ ಇವೆ, 160 ವರ್ಷ ದಾಟಿದರೂ ಬಣ್ಣ ಹೋಗಿಲ್ಲ.

ಉಪ್ಪು ಏನು ಮಾಡಿತು? ನೀರಲ್ಲಿ ಅದು ಪ್ಲಸ್, ಮೈನಸ್ ಅಯಾನುಗಳಾಗಿ, ಅಂದ್ರೆ ಚಾರ್ಜ್ ಹೊತ್ತ ಪರಮಾಣುಗಳಾಗಿ, ಬೇರೆಯಾಗುತ್ತದೆ. ಪ್ಲಸ್‌ಗಳು ಕಣವನ್ನು ಮುತ್ತಿಕೊಂಡು ಅದರ ಚಾರ್ಜನ್ನು ಮರೆಮಾಡುತ್ತವೆ. ಲೀಟರಿಗೆ ಸುಮಾರು 6 ಗ್ರಾಂ ಉಪ್ಪು ಬಿದ್ದರೆ ಆ ದೂಡಾಟ ಮುಟ್ಟುವ ದೂರ ಒಂದು ನ್ಯಾನೋಮೀಟರ್, ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು, ಅದರ ಆಸುಪಾಸಿಗೆ ಕುಗ್ಗಿಬಿಡುತ್ತದೆ. ಅಷ್ಟು ಹತ್ತಿರ ಬಂದ ಮೇಲೆ ಕಣಗಳ ನಡುವಿನ ಸೆಳೆತ ಗೆಲ್ಲುತ್ತದೆ, ಅಂಟಿಕೊಳ್ಳುತ್ತವೆ.

ಸಮಯ ಮುಗಿಯುತ್ತಾ ಬಂತು. ಪಟಿಕ ಉಜ್ಜಿದರೆ ನೀರು ತಿಳಿಯಾಗುವುದೂ ಇದೇ ಲೆಕ್ಕ. ಅದರ ಅಲ್ಯುಮಿನಿಯಂ ಅಯಾನಿಗೆ 3 ಪ್ಲಸ್, ಅದಕ್ಕೇ ಚೂರು ಸಾಕು. ಅಳಿವೆಯಲ್ಲಿ ಹೊಳೆಯ ಕೆಸರು ಸಮುದ್ರದ ನೀರು ಸೋಕಿ ಕೂರುವುದೂ ಹೀಗೇ.

ಇವತ್ತು ರಾತ್ರಿ ಎರಡು ಲೋಟದಲ್ಲಿ ಜೇಡಿಮಣ್ಣು ಕದಡಿಡಿ, ಒಂದಕ್ಕೆ ಮಾತ್ರ ಅರ್ಧ ಚಮಚ ಉಪ್ಪು ಹಾಕಿ, ಬೆಳಿಗ್ಗೆ ಎದ್ದು ನೋಡಿ. ಬೋರ್‌ವೆಲ್ ನೀರು ಬೇಡ, ಅದರಲ್ಲಿ ಆಗಲೇ ಲವಣ ಜಾಸ್ತಿ ಇರುತ್ತದೆ. ಮಳೆ ನೀರೇ ಹಿಡಿಯಿರಿ.