ಹಕ್ಕಿಗೆ ಎಂಜಲು ತಟ್ಟೆ ಇಡಬೇಡಿ

ನಮಸ್ಕಾರ ಸ್ನೇಹಿತರೇ. ಇಂಗ್ಲೆಂಡಿನ ಚಳಿಯಲ್ಲಿ ಕರಿಬೇವಿನ ಗಿಡ ಉಳಿಸಿಕೊಳ್ಳುವುದು ಹೇಗೆ ಅಂತ ಇವತ್ತು ಹೇಳಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದು ಮುಂದಿನ ವಾರಕ್ಕೆ ಹೋಯಿತು. ಕಳೆದ ವಿಡಿಯೋಗೆ ಬಂದ ಒಂದು ಕಮೆಂಟ್ ಮೂರು ದಿನದಿಂದ ನನ್ನ ತಲೆ ಕೊರೆಯುತ್ತಿದೆ.

ಆ ವಿಡಿಯೋದಲ್ಲಿ ಗ್ರೀನ್‌ಫಿಂಚ್ ಅನ್ನುವ ಹಕ್ಕಿಯ ವಿಷಯ ಬಂದಿತ್ತು. ಹಕ್ಕಿಗೆ ಕಾಳು ಹಾಕುವ ಫೀಡರನ್ನು ವಾರಕ್ಕೊಮ್ಮೆ ತೊಳೆಯಿರಿ ಅಂದಿದ್ದೆ, ಅಷ್ಟೇ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಹಕ್ಕಿಗೆ ಕಾಳು ಹಾಕೋದು ಪುಣ್ಯದ ಕೆಲಸ. ಅದರಲ್ಲೂ ತಪ್ಪು ಹುಡುಕ್ತೀರಲ್ಲ. ಕಾಡಲ್ಲಿ ಯಾರು ತೊಳೀತಾರೆ?" ಕೆಳಗೆ ಸಾಲುಸಾಲು ಲೈಕು.

ಪುಣ್ಯದ ಕೆಲಸ. ಸರಿ, ಒಪ್ಪಿದೆ. ಈಗ ನಾನೊಂದು ಕೇಳುತ್ತೇನೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಅದೇ ಎಲೆಗೆ ಎರಡನೇ ಪಂಕ್ತಿಯವರನ್ನು ಕೂರಿಸಿದರೆ ನೀವು ಊಟ ಮಾಡುತ್ತೀರಾ? ಅನ್ನ ಹೊಸದೇ, ಸಾರು ಬಿಸಿಯೇ, ಎಲೆ ಮಾತ್ರ ಇನ್ನೊಬ್ಬರು ಉಂಡದ್ದು. ಕೂರುತ್ತೀರಾ? ಕೂರಿಸಿದವರಿಗೆ ಪುಣ್ಯ ಬರುತ್ತದಾ?

ಎಂಜಲು ಅನ್ನುವುದನ್ನು ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗ್ರೀನ್‌ಫಿಂಚನ್ನು ಕೊಂದದ್ದು ಆ ಎಂಜಲು.

ನೋಡದವರಿಗಾಗಿ ಹೇಳಿಬಿಡುತ್ತೇನೆ. ಗುಬ್ಬಚ್ಚಿಯಷ್ಟೇ ದೊಡ್ಡ ಹಕ್ಕಿ. ಮೈಯೆಲ್ಲ ಮಾಸಲು ಹಸಿರು. ರೆಕ್ಕೆಯ ಅಂಚಿನಲ್ಲಿ, ಬಾಲದ ಪಕ್ಕದಲ್ಲಿ ಗಾಢ ಹಳದಿ ಪಟ್ಟೆ, ಹಾರಿದಾಗ ಫಳಕ್ಕನೆ ಕಾಣುತ್ತದೆ. ಸೂರ್ಯಕಾಂತಿ ಬೀಜ ಒಡೆಯಲೆಂದೇ ಮಾಡಿದಂಥ ದಪ್ಪ ಕೊಕ್ಕು. ವಸಂತದಲ್ಲಿ ಗಂಡು ಹಕ್ಕಿ ಮರದ ಮೇಲಿಂದ ಚಿಟ್ಟೆಯ ಹಾಗೆ ನಿಧಾನವಾಗಿ ರೆಕ್ಕೆ ಬಡಿಯುತ್ತಾ ಸುತ್ತು ಹಾಕುತ್ತಾ ಹಾಡುತ್ತದೆ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಇದು ಎಲ್ಲರ ಹಿತ್ತಲಿನ ಹಕ್ಕಿ. ಯಾರೂ ತಿರುಗಿ ನೋಡುತ್ತಿರಲಿಲ್ಲ, ಅಷ್ಟು ಸಾಮಾನ್ಯ.

2005ರಲ್ಲಿ ಬ್ರಿಟನ್ನಿನ ಫಿಂಚ್‌ಗಳಲ್ಲಿ, ಅಂದರೆ ಗ್ರೀನ್‌ಫಿಂಚಿನ ಬಳಗದ ಹಕ್ಕಿಗಳಲ್ಲಿ, ಒಂದು ರೋಗ ಕಾಣಿಸಿಕೊಂಡಿತು. ಹೆಸರು ಟ್ರೈಕೊಮೊನೋಸಿಸ್. ತರುವುದು ಒಂದೇ ಕೋಶದ ಪರೋಪಜೀವಿ. ಪಾರಿವಾಳಗಳಲ್ಲಿ ಇದು ಹಳೇ ಕಾಯಿಲೆ, ಪಾರಿವಾಳ ತಿಂದ ಡೇಗೆಗಳಿಗೂ ಬರುತ್ತಿತ್ತು. ಫಿಂಚ್‌ಗಳಿಗೆ ಮಾತ್ರ ಹೊಸತು. 2006ರ ಬೇಸಿಗೆಯಿಂದ ಸಾಲುಸಾಲು ಸಾವು ಶುರುವಾಯಿತು. ಬ್ರಿಟನ್ನಿನಲ್ಲಿ ಸುಮಾರು 43 ಲಕ್ಷ ಇದ್ದ ಗ್ರೀನ್‌ಫಿಂಚ್ 2009ರ ಹೊತ್ತಿಗೆ ಸುಮಾರು 28 ಲಕ್ಷಕ್ಕೆ ಇಳಿಯಿತು. 2021ರ ಡಿಸೆಂಬರಿನಲ್ಲಿ ಇದನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಿದರು. ಹಸಿರು ಪಟ್ಟಿಯಿಂದ ನೇರವಾಗಿ ಕೆಂಪಿಗೆ, ನಡುವೆ ಹಳದಿ ಪಟ್ಟಿಯಲ್ಲಿ ನಿಲ್ಲಲೂ ಇಲ್ಲ.

ಈಗ ಆ ರೋಗ ಏನು ಮಾಡುತ್ತದೆ ಅಂತ ಕೇಳಿ. ದಯವಿಟ್ಟು ಸ್ಕಿಪ್ ಮಾಡಬೇಡಿ. ಹಕ್ಕಿಯ ಗಂಟಲು ಒಳಗೇ ಊದಿಕೊಂಡು ಕಟ್ಟಿಹೋಗುತ್ತದೆ. ಹಸಿವಿರುತ್ತದೆ, ನುಂಗಲು ಆಗುವುದಿಲ್ಲ. ಫೀಡರಿಗೆ ಬರುತ್ತದೆ, ಬೀಜ ಬಾಯಿಗೆ ಹಾಕಿಕೊಳ್ಳುತ್ತದೆ, ಅಗಿಯುತ್ತದೆ, ಇಳಿಯುವುದಿಲ್ಲ, ಉಗುಳುತ್ತದೆ. ಎಂಜಲು ಹತ್ತಿದ ಆ ಬೀಜ ತಟ್ಟೆಯಲ್ಲೇ ಬಿದ್ದಿರುತ್ತದೆ. ಮುಂದಿನ ಹಕ್ಕಿ ಬಂದು ಅದನ್ನೇ ಎತ್ತಿಕೊಳ್ಳುತ್ತದೆ. ಪಕ್ಕದ ನೀರಿನ ತಟ್ಟೆಯಲ್ಲೂ ಇದೇ ಕತೆ. ಆ ಜೀವಿಗೆ ಹಸಿ ಬೇಕು, ಒಣಗಿದರೆ ಬೇಗ ಸಾಯುತ್ತದೆ. ಇದನ್ನು ನೆನಪಿಡಿ. ತೊಳೆದು ಚೆನ್ನಾಗಿ ಒಣಗಿಸಿದರೆ ಅದು ಉಳಿಯುವುದಿಲ್ಲ. ಇಷ್ಟು ಸುಲಭದ ಕೆಲಸ!

ಇದು ನನಗೆ ಹೇಗೆ ಗೊತ್ತಾಯಿತು ಅಂತಲೂ ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಆಗಸ್ಟ್ ತಿಂಗಳು. ನಮ್ಮ ಫೀಡರಿನ ಕೆಳಗೆ ಒಂದು ಗ್ರೀನ್‌ಫಿಂಚ್ ಗರಿ ಉಬ್ಬಿಸಿಕೊಂಡು ಚೆಂಡಿನ ಹಾಗೆ ಕೂತಿತ್ತು. ನಾನು ಹತ್ತಿರ ಹೋದೆ. ಹಾರಲಿಲ್ಲ. ಆಹಾ, ನನ್ನನ್ನು ನಂಬಿದೆ ಅಂದುಕೊಂಡು ಫೋಟೋ ತೆಗೆದೆ. ಕೊಕ್ಕಿನ ಸುತ್ತ ಒದ್ದೆ, ಅಗಿದ ಕಾಳು ಮೆತ್ತಿಕೊಂಡಿತ್ತು. ಮರುದಿನ ಬೆಳಿಗ್ಗೆ ಅಲ್ಲೇ ಸತ್ತು ಬಿದ್ದಿತ್ತು. ಆ ವಾರದಲ್ಲಿ ಇನ್ನೂ ಎರಡು ಹೋದವು. ಆ ಫೀಡರ್ ತಂದು ಮೂರು ತಿಂಗಳಾಗಿತ್ತು. ಒಮ್ಮೆಯೂ ತೊಳೆದಿರಲಿಲ್ಲ. ಮಾರಿದವರು ಕಾಳು ತುಂಬುವುದು ಹೇಗೆ ಅಂತ ತೋರಿಸಿದ್ದರು, ತೊಳೆಯುವ ಮಾತೇ ಎತ್ತಿರಲಿಲ್ಲ. ಆದರೆ ತೊಳೆಯಬೇಕಾದ್ದು ನಾನು. ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಅಳಿಸುವುದಿಲ್ಲ.

ಈಗ ಕಾಡಿನ ಪ್ರಶ್ನೆ. "ಕಾಡಲ್ಲಿ ಯಾರು ತೊಳೀತಾರೆ?" ಸ್ವಾಮಿ, ಕಾಡಲ್ಲಿ ತಟ್ಟೆ ಎಲ್ಲಿದೆ? ಅಲ್ಲಿ ಒಂದು ಬೀಜ ಈ ಬೇಲಿಯಲ್ಲಿ, ಒಂದು ಬೀಜ ಆ ಪೊದೆಯಲ್ಲಿ. ಇಂದು ಇಲ್ಲಿ ತಿಂದ ಹಕ್ಕಿ ನಾಳೆ ಬೇರೆ ಕಡೆ ಹೋಗುತ್ತದೆ. ಊರಿನ ಹಕ್ಕಿಯನ್ನೆಲ್ಲ ದಿನವೂ ಒಂದೇ ಅಂಗೈಯಗಲದ ಜಾಗಕ್ಕೆ ಕರೆದವರು ನಾವು. ಕರೆದ ಮೇಲೆ ಎಂಜಲು ತೆಗೆಯುವುದೂ ನಮ್ಮದೇ ಕೆಲಸ. ಊಟಕ್ಕೆ ಕರೆದು, ಎಲೆ ಎತ್ತುವಾಗ ಕಾಡಿನ ಮಾತು ಆಡಿದರೆ ಆಗುತ್ತದಾ?

ಗ್ರೀನ್‌ಫಿಂಚ್ ಕಡಿಮೆಯಾಗಲು ಕಾರಣ ಬೆಕ್ಕು ಅಂತ ಇನ್ನೊಬ್ಬರು ಅಂದರು. ಬೆಕ್ಕು 2005ರಲ್ಲಿ ಹುಟ್ಟಿತಾ? ಮತ್ತೊಬ್ಬರು ಸ್ಪ್ಯಾರೋಹಾಕ್ ಅಂದರು. ಗಿಡುಗ ಬಂದು ಗ್ರೀನ್‌ಫಿಂಚನ್ನೇ ಆರಿಸಿ ತಿಂದು ಪಕ್ಕದಲ್ಲೇ ಕೂತ ಗೋಲ್ಡ್‌ಫಿಂಚನ್ನು ಬಿಟ್ಟುಹೋಯಿತಾ? ಗೋಲ್ಡ್‌ಫಿಂಚ್ ಈ ದೇಶದ ತೋಟಗಳಲ್ಲಿ ಹೆಚ್ಚಾಗಿದೆ, ಗೊತ್ತಾ? ಮೊಬೈಲ್ ಟವರ್ ಅಂದವರೂ ಇದ್ದಾರೆ. ಇರಲೇಬೇಕು. ನಮ್ಮಲ್ಲಿ ಗುಬ್ಬಚ್ಚಿ ಕಾಣದಿದ್ದರೂ ಟವರ್, ಜೇನು ಕಾಣದಿದ್ದರೂ ಟವರ್. ಸತ್ತ ಹಕ್ಕಿಯ ಗಂಟಲು ತೆರೆದು ನೋಡಿದವರು ಕಂಡದ್ದು ಪರೋಪಜೀವಿಯನ್ನು. ಟವರ್ ಗಂಟಲಿಗೆ ಇಳಿಯುವುದಿಲ್ಲ.

ಅಮೆರಿಕದಲ್ಲಿರುವ ಸ್ನೇಹಿತರು "ನಮ್ಮಲ್ಲಿ ಗ್ರೀನ್‌ಫಿಂಚ್ ಇಲ್ಲವಲ್ಲ" ಅಂದಿದ್ದೀರಿ. ನಿಮ್ಮಲ್ಲಿ ಹೌಸ್ ಫಿಂಚ್ ಇದೆ. 1994ರಲ್ಲಿ ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಅದರ ಕಣ್ಣು ಊದಿಕೊಳ್ಳಲು ಶುರುವಾಯಿತು. ಅದು ಬೇರೆ ರೋಗ, ಬ್ಯಾಕ್ಟೀರಿಯಾದಿಂದ ಬರುವುದು. ಆದರೆ ಹರಡಿದ ದಾರಿಯಲ್ಲಿ ಫೀಡರ್ ಅಲ್ಲೂ ಇತ್ತು. ನೀವೂ ತೊಳೆಯಿರಿ.

ಅಂದಹಾಗೆ, ಫೀಡರ್ ಪೂರ್ತಿ ಬಿಚ್ಚಿ ತೊಳೆಯುವ ನಾಲ್ಕು ನಿಮಿಷದ ವಿಡಿಯೋ ನಮ್ಮ ಚಾನೆಲ್‌ನಲ್ಲೇ ಇದೆ. ನೋಡಿ, ಮನೆಯವರಿಗೂ ಕಳಿಸಿ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಆಗಿಬಿಡಿ. ಕರಿಬೇವಿನ ವಿಡಿಯೋನೂ ತಪ್ಪುವುದಿಲ್ಲ.

ತೊಳೆಯುವುದು ಹೇಗೆ ಅಂತ ಇಲ್ಲೂ ಹೇಳಿಬಿಡುತ್ತೇನೆ. ಉಳಿದ ಕಾಳು, ಸಿಪ್ಪೆ ಎಲ್ಲ ಕಸಕ್ಕೆ ಹಾಕಿ. ಅಡುಗೆಮನೆ ಸಿಂಕಿನಲ್ಲಿ ಬೇಡ, ಹೊರಗೆ ಬಕೆಟ್ ಇಟ್ಟುಕೊಂಡು ಗ್ಲೌಸ್ ಹಾಕಿಕೊಂಡು ಬ್ರಷ್‌ನಲ್ಲಿ ತಿಕ್ಕಿ. ಸೋಂಕು ನಿವಾರಕ ಹಾಕಿ, ಚೆನ್ನಾಗಿ ಜಾಲಾಡಿ, ಪೂರ್ತಿ ಒಣಗಿಸಿ. ಕಾಳು ಒಂದೆರಡು ದಿನಕ್ಕೆ ಮುಗಿಯುವಷ್ಟೇ ಹಾಕಿ. ನೀರು ದಿನಾ ಬದಲಿಸಿ. ಫೀಡರ್ ತೂಗುಹಾಕುವ ಜಾಗವನ್ನೂ ಆಗಾಗ ಬದಲಿಸಿ. ಕಾಯಿಲೆ ಹಕ್ಕಿ ಕಂಡರೆ ಕಾಳು, ನೀರು ಎರಡನ್ನೂ ಕೆಲವು ವಾರ ನಿಲ್ಲಿಸಿ, ಹಕ್ಕಿಗಳು ಚದುರಿ ಹೋಗಲಿ. ನೀರಿಗೆ ಮಾತ್ರೆ ಪುಡಿ ಮಾಡಿ ಹಾಕಲಾ ಅಂತ ಕೇಳಿದವರಿದ್ದಾರೆ. ಬೇಡವೇ ಬೇಡ. ಯಾವ ಹಕ್ಕಿ ಎಷ್ಟು ಕುಡಿಯಿತು ಅಂತ ಯಾರಿಗೆ ಗೊತ್ತಾಗುತ್ತದೆ?

ಮತ್ತೆ ಆ ಚಪ್ಪಟೆ ಹಲಗೆಯ ಬರ್ಡ್ ಟೇಬಲ್, ಅದನ್ನು ತೆಗೆದುಬಿಡಿ. ಹಕ್ಕಿ ಸಂರಕ್ಷಣೆಗೆ ಇಲ್ಲಿ ದೊಡ್ಡ ಹೆಸರಾದ ಆರ್‌ಎಸ್‌ಪಿಬಿ ಸಂಸ್ಥೆಯೇ 2025ರಲ್ಲಿ ಚಪ್ಪಟೆ ಟೇಬಲ್ ಮಾರುವುದನ್ನು ನಿಲ್ಲಿಸಿತು. ಮಾರಾಟ ಮಾಡುತ್ತಿದ್ದವರೇ ನಿಲ್ಲಿಸಿದ್ದಾರೆ. ನಮಗೆ ಇನ್ನೇನು ಬೇಕು?

"ಹಾಗಾದರೆ ಕಾಳು ಹಾಕುವುದೇ ಬೇಡ ಅನ್ನುತ್ತೀರಾ?" ಇಲ್ಲ! ಅದನ್ನು ನಾನು ಎಲ್ಲಿ ಹೇಳಿದೆ? ಹಾಕಿ. ತೊಳೆದು ಹಾಕಿ. ಸಮಯ ಇಲ್ಲ ಅನ್ನಬೇಡಿ. ವಾರಕ್ಕೆ ಹದಿನೈದು ನಿಮಿಷ. ಹಕ್ಕಿಯ ರೀಲ್ಸ್ ನೋಡಲು ಅದಕ್ಕಿಂತ ಜಾಸ್ತಿ ಹೊತ್ತು ಕೂರುತ್ತೀರಿ, ನನಗೆ ಗೊತ್ತು. ನಿಮ್ಮ ತಟ್ಟೆ ದಿನಾ ತೊಳೆಯುತ್ತೀರಿ. ಮಗುವಿನ ಲೋಟ ಕುದಿಯುವ ನೀರಿನಲ್ಲಿ ಅದ್ದುತ್ತೀರಿ. ಮನೆಗೆ ಬಂದವರಿಗೆ ಎಂಜಲು ಲೋಟದಲ್ಲಿ ಕಾಫಿ ಕೊಟ್ಟರೆ ನಾಚಿಕೆಯಾಗುವುದಿಲ್ಲವಾ? ಇದೂ ಹಾಗೇ. ಹಾಗೇ! ಹಕ್ಕಿ ಬಾಯಿಬಿಟ್ಟು ಕೇಳುವುದಿಲ್ಲ ಅಂತ ಎಂಜಲಿಗೆ ಕೂರಿಸುತ್ತೀರಾ?

ಕಮೆಂಟ್ ಬರೆದ ಆ ತಮ್ಮ ಇದನ್ನು ನೋಡುತ್ತಿದ್ದರೆ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಾರಾಯಾ. ನಿನ್ನ ಹಿತ್ತಲಿಗೆ ಇನ್ನೂ ಗ್ರೀನ್‌ಫಿಂಚ್ ಬರುತ್ತದೆ ಅಂತ ಬರೆದಿದ್ದೀಯ. ನಮ್ಮ ಹಿತ್ತಲಿಗೆ ಎರಡು ವರ್ಷದಿಂದ ಒಂದೂ ಬಂದಿಲ್ಲ. ಇವತ್ತೇ ತೊಳಿ. ನಾಳೆ ಅನ್ನಬೇಡ. ತೊಳೆದಾದ ಮೇಲೆ ಕೆಳಗೆ "ತೊಳೆದೆ" ಅಂತ ಒಂದು ಮಾತು ಬರೆ. ಉಳಿದವರೂ ಬರೆಯಿರಿ, ಒಂದೊಂದನ್ನೂ ಓದುತ್ತೇನೆ. ನಾನಿನ್ನು ಬಕೆಟ್ ಹಿಡಿದು ಹೊರಗೆ ಹೊರಟೆ. ಇವತ್ತು ಭಾನುವಾರ, ನಮ್ಮ ಫೀಡರ್ ತೊಳೆಯುವ ದಿನ.